ಮಾರಿದವರು ಯಾರೂ ಅಲ್ಲ

ಹೋದ ದಸರಾದಲ್ಲಿ ನಾನು ಆನ್‌ಲೈನಿನಲ್ಲೊಂದು ಪವರ್ ಬ್ಯಾಂಕ್ ಕೊಂಡೆ. 4,999 ರೂಪಾಯಿಯ ಮಾಲು, 599ಕ್ಕೆ. 4,999ರ ಮೇಲೆ ಅಡ್ಡಕ್ಕೊಂದು ಗೆರೆ ಎಳೆದಿದ್ದರು. ಲೆಕ್ಕ ಹಾಕಿದರೆ ಆ ಗೆರೆಯ ಬೆಲೆ 4,400 ರೂಪಾಯಿ. ಅಷ್ಟು ದುಬಾರಿ ಗೆರೆಯನ್ನು ಯಾವ ಚಿತ್ರಕಾರನೂ ಎಳೆದಿರಲಾರ.

ಪಕ್ಕದಲ್ಲಿ ಕೆಂಪಕ್ಷರ: ‘ಕೇವಲ 2 ಉಳಿದಿವೆ’. ಕೆಳಗೊಂದು ಗಡಿಯಾರ ಹಿಂದು ಹಿಂದಕ್ಕೆ ಓಡುತ್ತಿತ್ತು. ಅದೇ ಬೆಳಿಗ್ಗೆ ಆಯುಧಪೂಜೆಯ ಬೂದುಗುಂಬಳಕ್ಕೆ ಹತ್ತು ರೂಪಾಯಿ ಇಳಿಸಲು ಕಾಲು ಗಂಟೆ ಚೌಕಾಸಿ ಮಾಡಿ ಬಂದವನು ನಾನು. ಕಾಯಿಯನ್ನು ತಿರುಗಿಸಿ ನೋಡಿದ್ದೆ, ತಟ್ಟಿ ನೋಡಿದ್ದೆ, ‘ನಿನ್ನೆಯದ್ದಾ?’ ಎಂದು ಕೇಳಿದ್ದೆ. ಪವರ್ ಬ್ಯಾಂಕಿಗೆ ಇಪ್ಪತ್ತು ಸೆಕೆಂಡಿನಲ್ಲಿ ದುಡ್ಡು ಕಟ್ಟಿದೆ. ಅದನ್ನು ತಟ್ಟುವುದು ಎಲ್ಲಿಂದ?

ದೀಪಾವಳಿ ಹೊತ್ತಿಗೆ ಅದು ಉಬ್ಬಿತು. ಕಾದ ಎಣ್ಣೆಗೆ ಬಿದ್ದ ಪೂರಿಯ ಹಾಗೆ. ಹೊಲಿಗೆಯೇ ಬಿಟ್ಟುಕೊಂಡು ಬಾಯಿ ತೆರೆದಿತ್ತು.

ಬೀದಿ ಕೊನೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆ. ಅವನು ಮೊದಲು ಅದನ್ನು ಅಂಗಡಿಯಿಂದ ಹೊರಗೆ, ಮೆಟ್ಟಿಲ ಮೇಲೆ ಇಟ್ಟ. ಆಮೇಲೆ ಹುಷಾರಾಗಿ ಬಿಚ್ಚಿದ. ಒಳಗೆ ಅಂಗೈ ಅರ್ಧದಷ್ಟಗಲದ ಒಂದು ಬ್ಯಾಟರಿ. ಮಿಕ್ಕ ಜಾಗದಲ್ಲಿ ಅಂಟು ಸುರಿದು ಕೂರಿಸಿದ ಒಂದು ಕಬ್ಬಿಣದ ಪಟ್ಟಿ.

‘ಇದು ಯಾಕಪ್ಪಾ?’

‘ತೂಕಕ್ಕೆ ಸಾರ್. ಹಗುರ ಇದ್ರೆ ನೀವು ಡೌಟ್ ಪಡ್ತೀರಲ್ಲ.’

ನನ್ನ ಬುದ್ಧಿವಂತಿಕೆಗೂ ಅವರು ಒಂದು ತುಂಡು ಕಬ್ಬಿಣ ಎತ್ತಿಟ್ಟಿದ್ದರು. ಇಷ್ಟು ಮುತುವರ್ಜಿ ನನ್ನ ಬಗ್ಗೆ ಯಾರೂ ವಹಿಸಿರಲಿಲ್ಲ.

ಡಬ್ಬದ ಮೇಲೆ 20,000 ಎಂಎಎಚ್ ಎಂದಿತ್ತು. ಹೆಬ್ಬೆರಳು ಗಾತ್ರದ ಒಂದು ಲಿಥಿಯಂ ಸೆಲ್ ಸಾಮಾನ್ಯವಾಗಿ ಎರಡೂವರೆ ಸಾವಿರ ಹಿಡಿಯುತ್ತದೆ, ತೀರಾ ಒಳ್ಳೆಯದಾದರೆ ಮೂರೂವರೆ ಸಾವಿರ. ಒಂದೊಂದೂ 45 ಗ್ರಾಂ ಆಸುಪಾಸು ತೂಗುತ್ತದೆ. 20,000 ಆಗಬೇಕಾದರೆ ಆರರಿಂದ ಎಂಟು ಬೇಕು. ಅಷ್ಟು ಒಳ್ಳೆ ಸೆಲ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಕೇಳಿದರೂ 599ಕ್ಕೆ ಕೊಡುವುದಿಲ್ಲ. ಮೇಲಿನ ಪ್ಲಾಸ್ಟಿಕ್ಕು, ಸರ್ಕ್ಯೂಟು, ಡಬ್ಬ, ಕೊರಿಯರ್, ಕಮಿಷನ್, ಜಿಎಸ್‌ಟಿ ಬೇರೆ. ಈ ಲೆಕ್ಕ ಐದನೇ ಕ್ಲಾಸಿನ ಹುಡುಗನಿಗೆ ಬರುತ್ತದೆ. ದುಡ್ಡು ಕಟ್ಟುವಾಗ ನನಗೆ ಬರಲಿಲ್ಲ. ಗಡಿಯಾರ ಓಡುತ್ತಿತ್ತಲ್ಲ.

ನನ್ನದಾದರೂ ಉಬ್ಬಿತು, ಕಣ್ಣಿಗೆ ಕಂಡಿತು. ನನ್ನ ಭಾವಮೈದನದ್ದು ಇನ್ನೂ ನಯವಾದ ಮೋಸ. 2 ಟಿಬಿ ಪೆನ್‌ಡ್ರೈವ್, 499 ರೂಪಾಯಿ. ಕಂಪ್ಯೂಟರಿಗೆ ಚುಚ್ಚಿದರೆ 2 ಟಿಬಿ ಎಂದೇ ತೋರಿಸುತ್ತದೆ. ಒಳಗಿರುವ ಚಿಪ್ಪು 32 ಜಿಬಿಯದ್ದು. ಸುಳ್ಳು ಹೇಳುವುದನ್ನು ಅದರ ಕಂಟ್ರೋಲರಿಗೆ ಕಾರ್ಖಾನೆಯಲ್ಲೇ ಕಲಿಸಿ ಕಳಿಸಿರುತ್ತಾರೆ. 32 ತುಂಬುವವರೆಗೆ ಪ್ರಾಮಾಣಿಕ. ಆಮೇಲೆ ಹಾಕಿದ್ದೆಲ್ಲ ಗಾಳಿಗೆ. ಫೈಲಿನ ಹೆಸರು ಇರುತ್ತದೆ, ಗಾತ್ರ ಇರುತ್ತದೆ, ತೆರೆದರೆ ಏನೂ ಇರುವುದಿಲ್ಲ.

ಅವನು ಮಗಳ ಮದುವೆಯ ಫೋಟೊ, ವಿಡಿಯೊ ಎಲ್ಲವನ್ನೂ ಅದಕ್ಕೆ ತುಂಬಿ, ಫೋನಿನಲ್ಲಿ ಜಾಗ ಮಾಡಿಕೊಳ್ಳಲು ಮೂಲವನ್ನು ಅಳಿಸಿದ್ದ. ಈಗ ನೋಡಿದರೆ ದೇವರ ಸಮಾರಾಧನೆ ಇದೆ, ವರಪೂಜೆ ಇದೆ, ಕಾಶೀಯಾತ್ರೆಯ ಛತ್ರಿಯೂ ಇದೆ. ಧಾರೆ ಇಲ್ಲ. ಪೆನ್‌ಡ್ರೈವ್ ಪ್ರಕಾರ ಮದುವೆ ಆಗಿಲ್ಲ. ವರ ಇನ್ನೂ ಕಾಶಿಯಲ್ಲೇ ಇದ್ದಾನೆ.

ಇರಲಿ. ನಾನು ದೂರು ಕೊಡಲು ಹೊರಟೆ. ನನ್ನ ಪ್ರಶ್ನೆ ಒಂದೇ. ಇದನ್ನು ನನಗೆ ಮಾರಿದವರು ಯಾರು?

ತಾಣದವರಿಗೆ ಫೋನ್ ಮಾಡಿದೆ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಸರ್. ವಾಪಸಾತಿಯ ಏಳು ದಿನ ಮುಗಿದಿದೆ. ಅಲ್ಲದೆ ನಾವು ಮಾರುವವರಲ್ಲ ಸರ್, ನಾವು ವೇದಿಕೆ ಮಾತ್ರ. ಸೆಲ್ಲರ್ ಬೇರೆ.’

ಸೆಲ್ಲರಿಗೆ ಫೋನ್ ಮಾಡಿದೆ. ಹೆಸರು ಹಾರ್ಮೋನಿಯಂ ಮೇಲೆ ಬೆಕ್ಕು ನಡೆದಂತಿತ್ತು, ಅಕ್ಷರಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಫೋನ್ ಹೊಡೆದುಕೊಂಡೇ ಇತ್ತು. ಮೂರನೇ ದಿನ ಅದೂ ನಿಂತಿತು.

ಡಬ್ಬದ ಮೇಲೆ ಹೆಸರಿದ್ದ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗಿ ಒಂದು ನೋಟ ನೋಡಿ, ‘ಇದು ನಮ್ಮದಲ್ಲ ಸರ್, ಹೆಸರಲ್ಲಿ ಒಂದು ಅಕ್ಷರ ಕಡಿಮೆ ಇದೆ ನೋಡಿ’ ಎಂದಳು. ನೋಡಿದೆ. ಇತ್ತು. ಅಂದರೆ ಇರಲಿಲ್ಲ.

ತಂದುಕೊಟ್ಟ ಹುಡುಗ ಮತ್ತೊಮ್ಮೆ ಬೀದಿಯಲ್ಲಿ ಸಿಕ್ಕ. ಅವನನ್ನು ಕೇಳುವುದು ಪಾಪ. ‘ಅಂಕಲ್, ನಂಗೆ ಡಬ್ಬ ಅಷ್ಟೇ ಗೊತ್ತು’ ಎಂದ. ಇಡೀ ಸರಪಳಿಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಅಲ್ಲಿಗೆ ಒಂದು ಪವರ್ ಬ್ಯಾಂಕ್ ಇದೆ. ಕೊಂಡವನು ಇದ್ದಾನೆ. ಅವನ ಹೆಸರು, ವಿಳಾಸ, ಫೋನ್ ನಂಬರ್, ಕಾರ್ಡಿನ ಕೊನೆಯ ನಾಲ್ಕಂಕಿ ಎಲ್ಲವೂ ದಾಖಲಾಗಿವೆ. ಮಾರಿದವನು ಮಾತ್ರ ಎಲ್ಲಿಯೂ ಇಲ್ಲ.

ಇದು ಆಕಸ್ಮಿಕ ಎಂದುಕೊಳ್ಳಬೇಡಿ. ಕಾನೂನಿನಲ್ಲೇ ಹೊಲಿದಿಟ್ಟ ಏರ್ಪಾಟು. ವಿದೇಶಿ ಬಂಡವಾಳದ ಆನ್‌ಲೈನ್ ಕಂಪನಿಗಳು ತಾವೇ ಮಾಲು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ, ಮಾರುವವರಿಗೂ ಕೊಳ್ಳುವವರಿಗೂ ನಡುವೆ ಮಾರುಕಟ್ಟೆಯಾಗಿ ಇರಬಹುದು ಎನ್ನುತ್ತದೆ ನಮ್ಮ ಎಫ್‌ಡಿಐ ನೀತಿ. ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದು ಎಂದು 2016ರಲ್ಲೇ ಹೇಳಿದ್ದಾರೆ. 2019ರ ಫೆಬ್ರವರಿ 1ರಿಂದ ಇನ್ನಷ್ಟು ಬಿಗಿ ಮಾಡಿದ್ದಾರೆ. ಸಣ್ಣ ಅಂಗಡಿಯವನನ್ನು ಕಾಪಾಡಲು ಮಾಡಿದ ನಿಯಮ ಇದು.

ಹಾಗಾದರೆ ಊರ ತುಂಬ ಫಲಕ ಹಾಕಿ, ಕ್ರಿಕೆಟ್ ನಡುವೆ ಸಿನಿಮಾ ನಟರನ್ನು ಕುಣಿಸಿ ‘ಶೇಕಡ 90 ರಿಯಾಯಿತಿ’ ಎಂದು ಕೂಗುವವರು ಯಾರು? ವೇದಿಕೆ. ಮಾಲು ಇದ್ದದ್ದು ಯಾರ ಗೋದಾಮಿನಲ್ಲಿ? ವೇದಿಕೆಯದ್ದರಲ್ಲಿ. ಡಬ್ಬದ ಮೇಲಿನ ಟೇಪು ಯಾರದ್ದು? ಹುಡುಗನ ಬೆನ್ನಿನ ಚೀಲ ಯಾರದ್ದು? ದುಡ್ಡು ಮೊದಲು ಹೋಗಿ ಬಿದ್ದದ್ದು ಎಲ್ಲಿ? ಎಲ್ಲವೂ ವೇದಿಕೆಯದ್ದೇ. ಮಾಲು ಸುಟ್ಟು ಹೋದಾಗ ಮಾತ್ರ ಅದು ಬರೀ ವೇದಿಕೆ.

ಕನ್ನಡದಲ್ಲಿ ವೇದಿಕೆ ಎಂದರೆ ಭಾಷಣ ಬಿಗಿದು ಇಳಿದು ಹೋಗುವ ಜಾಗ. ಎಷ್ಟು ಸರಿಯಾದ ಪದ ಸಿಕ್ಕಿದೆ ನೋಡಿ.

ಐಟಿ ಕಾಯ್ದೆಯ 79ನೇ ಸೆಕ್ಷನ್ ಅವರ ಇನ್ನೊಂದು ಛತ್ರಿ. ಮಧ್ಯವರ್ತಿಯಾಗಿ ಎಚ್ಚರ ವಹಿಸಿದ್ದರೆ ಇನ್ನೊಬ್ಬರು ಹಾಕಿದ ಸರಕಿಗೆ ಹೊಣೆಯಲ್ಲ ಎಂಬ ರಕ್ಷಣೆ ಅದರಲ್ಲಿದೆ. ‘ಎಚ್ಚರ ವಹಿಸಿದ್ದರೆ’ ಎಂಬ ಭಾಗವನ್ನು ಯಾರೂ ಜೋರಾಗಿ ಓದುವುದಿಲ್ಲ.

ಇನ್ನು ಆ 4,999. ಅದು ಎಲ್ಲಿಂದ ಬಂತು? ಎಂಆರ್‌ಪಿ ಮೀರಿ ಮಾರುವುದು ತಪ್ಪು. ಆದರೆ ಇಂಥ ಸಾಮಾನಿನ ಮೇಲೆ ಎಂಆರ್‌ಪಿಯನ್ನು ಎಷ್ಟೆಂದು ಅಚ್ಚು ಹಾಕಬೇಕು ಎಂಬುದು ಹಾಕುವವನ ಮನಸ್ಸು. 49,999 ಎಂದು ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆಗ ನನಗೆ ಸಿಗುತ್ತಿದ್ದದ್ದು ಶೇಕಡ 98ಕ್ಕೂ ಹೆಚ್ಚು ರಿಯಾಯಿತಿ. ನನ್ನ ದುರದೃಷ್ಟ, ಮುದ್ರಕ ಸಂಕೋಚದ ಮನುಷ್ಯ.

ಸ್ಟಾರ್ ನೋಡಿ ಕೊಳ್ಳಬೇಕಿತ್ತು ಎನ್ನುತ್ತೀರಿ. ನೋಡಿದ್ದೆ. 4.3 ಇತ್ತು. ಹನ್ನೊಂದು ಸಾವಿರ ಜನ ಮೆಚ್ಚಿದ್ದರು. ಉಬ್ಬಿದ ಮೇಲೆ ಕೂತು ಓದಿದೆ. ‘ಪ್ಯಾಕಿಂಗ್ ಸೂಪರ್, ಇನ್ನೂ ಬಳಸಿಲ್ಲ’: ಐದು ಸ್ಟಾರ್. ‘ಬೇಗ ಬಂತು’: ಐದು ಸ್ಟಾರ್. ‘ಎರಡು ಸಲ ಒಗೆದರೂ ಬಣ್ಣ ಹೋಗಿಲ್ಲ’: ಐದು ಸ್ಟಾರ್. ಇದು ಪವರ್ ಬ್ಯಾಂಕಿನ ಬಗ್ಗೆ. ಹಿಂದೆ ಅದೇ ಪುಟದಲ್ಲಿ ಸೀರೆಯೋ ಬೆಡ್‌ಶೀಟೋ ಮಾರುತ್ತಿದ್ದರು ಎಂದು ಕಾಣುತ್ತದೆ. ಮಾಲು ಬದಲಾಯಿಸಿದರು, ಹೊಗಳಿಕೆ ಉಳಿಸಿಕೊಂಡರು.

ನನ್ನ ಡಬ್ಬದೊಳಗೂ ಒಂದು ಚೀಟಿ ಇತ್ತು. ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ 100 ರೂಪಾಯಿ ಕ್ಯಾಶ್‌ಬ್ಯಾಕ್. ಒಪ್ಪಿಕೊಳ್ಳುತ್ತೇನೆ, ಕಳಿಸಿದೆ. ಆ ಹನ್ನೊಂದು ಸಾವಿರದಲ್ಲಿ ನಾನೂ ಒಬ್ಬ. ನೂರು ರೂಪಾಯಿ ಬರಲಿಲ್ಲ. ಅಲ್ಲಿಯೂ ಮೋಸ.

ನಕಲಿ ವಿಮರ್ಶೆ ತಡೆಯಲು ಸರ್ಕಾರ 2022ರ ನವೆಂಬರಿನಲ್ಲೇ ಒಂದು ಮಾನಕ ತಂದಿದೆ, ಐಎಸ್ 19000. ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದೇ ಆಗ ಹೊರಬಂತು. ಕಳ್ಳನಿಗೆ ಬೀಗ ಹಾಕಿಕೊಳ್ಳುವ ಸ್ವಾತಂತ್ರ್ಯ.

ಪುಣ್ಯಕ್ಕೆ ನನ್ನ ಡಬ್ಬದಲ್ಲಿ ಉಬ್ಬುವಂಥದ್ದಾದರೂ ಒಂದು ಇತ್ತು. 2022ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಲ್ಯಾಪ್‌ಟಾಪ್ ತರಿಸಿದವರ ಡಬ್ಬದಲ್ಲಿ ಕಲ್ಲು ಬಂತು. ಕಳೆದ ವರ್ಷ, 2025ರ ದೀಪಾವಳಿಗೆ, ಬೆಂಗಳೂರಿನಲ್ಲಿ 1.8 ಲಕ್ಷಕ್ಕೂ ಮೀರಿದ ಫೋನ್ ತರಿಸಿದವರಿಗೆ ಟೈಲ್ಸ್ ತುಂಡು ಬಂತು. 2024ರ ಜೂನ್‌ನಲ್ಲಿ ಸರ್ಜಾಪುರ ರಸ್ತೆಯ ದಂಪತಿ ವಿಡಿಯೊ ಗೇಮ್ ಕಂಟ್ರೋಲರ್ ತರಿಸಿದರೆ, ಪೊಟ್ಟಣದ ಟೇಪಿಗೆ ಅಂಟಿಕೊಂಡು ಜೀವಂತ ನಾಗರಹಾವು ಬಂತು. ಹಾವು ಅಸಲಿ. ಅದರಲ್ಲಿ ಒಂದಕ್ಷರವೂ ಕಡಿಮೆ ಇರಲಿಲ್ಲ.

ಅದಕ್ಕೇ ಈಗ ಹೊಸ ಶಾಸ್ತ್ರ ಹುಟ್ಟಿಕೊಂಡಿದೆ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಬೇಕು. ನಡುವೆ ನಿಲ್ಲಿಸಬಾರದು, ವಿಳಾಸದ ಚೀಟಿ ಕಾಣಬೇಕು, ಆರೂ ಮಗ್ಗುಲು ತೋರಿಸಬೇಕು. ಮಗ ಕ್ಯಾಮೆರಾ ಹಿಡಿಯುತ್ತಾನೆ, ಹೆಂಡತಿ ಟಾರ್ಚ್ ಹಿಡಿಯುತ್ತಾಳೆ, ನಾನು ಕತ್ತರಿ ಹಿಡಿದು ಪಂಚನಾಮೆ ನಡೆಸುತ್ತೇನೆ. ದುಡ್ಡು ಕೊಟ್ಟವನು ತಾನು ಕಳ್ಳನಲ್ಲ ಎಂದು ರುಜುವಾತು ಮಾಡಬೇಕು. ದುಡ್ಡು ತೆಗೆದುಕೊಂಡವನು ತಾನು ಯಾರೆಂದೂ ಹೇಳಬೇಕಿಲ್ಲ.

ನಿಯಮಗಳು ಇಲ್ಲವೆನ್ನುವಂತಿಲ್ಲ. ಬೇಕಾದಷ್ಟಿವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೆಲ್ಲರಿನ ಹೆಸರು, ವಿಳಾಸ, ಸಂಪರ್ಕ ಸಂಖ್ಯೆಯನ್ನು ತಾಣ ಕಾಣುವಂತೆ ಹಾಕಬೇಕು. ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯಲ್ಲಿ ‘ತಲುಪಿತು’ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನನ್ನ ದೂರು ತಲುಪಿತು ಎಂಬ ಉತ್ತರ ಎರಡು ನಿಮಿಷದಲ್ಲೇ ಬಂತು. ಮನುಷ್ಯರು ಕಳಿಸುವುದಾಗಿದ್ದರೆ ಅಷ್ಟು ಬೇಗ ಬರುತ್ತಿರಲಿಲ್ಲ.

ಪವರ್ ಬ್ಯಾಂಕು, ಚಾರ್ಜರುಗಳಿಗೆ ಭಾರತೀಯ ಮಾನಕ ಸಂಸ್ಥೆಯ, ಅಂದರೆ ಬಿಐಎಸ್‌ನ, ನೋಂದಣಿ ಕಡ್ಡಾಯ. ಮೈಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರದ್ದೆಂದು ಗೊತ್ತಾಗುತ್ತದೆ. ನನ್ನದರ ಮೇಲೂ ಸಂಖ್ಯೆ ಇತ್ತು. ಹಾಕಿ ನೋಡಿದೆ. ಅಂಥ ಸಂಖ್ಯೆಯೇ ಇಲ್ಲ ಎಂದಿತು. ಮಾರಿದವನಿಲ್ಲ, ಕಂಪನಿಯಿಲ್ಲ, ಸಂಖ್ಯೆಯೂ ಇಲ್ಲ. ಉಬ್ಬು ಮಾತ್ರ ಇದೆ.

2025ರ ಮಾರ್ಚ್‌ನಲ್ಲಿ ಬಿಐಎಸ್ ಅಧಿಕಾರಿಗಳು ದೆಹಲಿಯಲ್ಲಿ ದೊಡ್ಡ ಇ-ಕಾಮರ್ಸ್ ಕಂಪನಿಯೊಂದರ ಗೋದಾಮಿಗೆ ನುಗ್ಗಿದರು. ಐಎಸ್‌ಐ ಗುರುತಿಲ್ಲದ ಅಥವಾ ನಕಲಿ ಗುರುತಿನ 3,500ಕ್ಕೂ ಹೆಚ್ಚು ವಿದ್ಯುತ್ ಸಾಮಾನು ಸಿಕ್ಕಿತು. ಗೀಸರ್, ಮಿಕ್ಸರ್, ಇಂಥವು. ನೀರು ಮತ್ತು ಕರೆಂಟು ಒಂದೇ ಕಡೆ ಸೇರುವ ಸಾಮಾನು. ಬೆಲೆ ಸುಮಾರು 70 ಲಕ್ಷ. ಅದು ಒಂದು ಗೋದಾಮು. ಬೀಗ ತೆಗೆಯದ ಗೋದಾಮುಗಳನ್ನು ನೀವೇ ಎಣಿಸಿಕೊಳ್ಳಿ.

ಶಿಕ್ಷೆ? ಅದರ ಲೆಕ್ಕವೂ ಇದೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್ ವಿರುದ್ಧ ಆದೇಶ ಹೊರಡಿಸಿತು. ಕಡ್ಡಾಯ ಮಾನಕ ಪಾಲಿಸದ ಪ್ರೆಷರ್ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕೆ. ಮಾರಾಟವಾದ ಕುಕ್ಕರ್ 2,265. ಅದರಿಂದ ಕಂಪನಿಗೆ ಬಂದ ಕಮಿಷನ್ 6.14 ಲಕ್ಷ. ವಿಧಿಸಿದ ದಂಡ 1 ಲಕ್ಷ. ಕುಕ್ಕರುಗಳನ್ನು ವಾಪಸು ತರಿಸಿ ದುಡ್ಡು ಕೊಡಿ ಎಂದೂ ಹೇಳಿದರು, ಸುಳ್ಳು ಹೇಳಬಾರದು. ಆದರೂ ದಂಡ ಕಮಿಷನ್ನಿನ ಆರನೇ ಒಂದು ಭಾಗ. ನಮ್ಮ ಟ್ರಾಫಿಕ್ ಪೊಲೀಸರು ಹೆಲ್ಮೆಟ್ ಇಲ್ಲದವನಿಗೆ ಇದಕ್ಕಿಂತ ಕಠೋರ.

ಇನ್ನೊಂದು ಕೇಳಿ. ‘ಕೇವಲ 2 ಉಳಿದಿವೆ’ ಎಂಬ ಸುಳ್ಳು ಅವಸರಕ್ಕೆ ಸರ್ಕಾರವೇ ಹೆಸರಿಟ್ಟಿದೆ. 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ಕಳ್ಳ ವಿನ್ಯಾಸಗಳ ಪಟ್ಟಿ ಇದೆ. ಸುಳ್ಳು ಅವಸರವೇ ಮೊದಲನೆಯದು. 2025ರ ಜೂನ್‌ನಲ್ಲಿ, ‘ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಂಡು ಮೂರು ತಿಂಗಳಲ್ಲಿ ತಿಳಿಸಿ’ ಎಂದು ಕಂಪನಿಗಳಿಗೆ ಹೇಳಿದರು. ನವೆಂಬರಿನಲ್ಲಿ 26 ಕಂಪನಿಗಳು ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎಂದು ತಾವೇ ಪತ್ರ ಕೊಟ್ಟವು. ಸರ್ಕಾರ ಸಂತೋಷಪಟ್ಟಿತು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯನ್ನೂ ಇನ್ನು ಮಕ್ಕಳ ಕೈಯಲ್ಲೇ ತಿದ್ದಿಸಬಹುದು. ಫಲಿತಾಂಶ ನೂರಕ್ಕೆ ನೂರು.

ಕೊಳ್ಳುವ ನಮ್ಮ ತಪ್ಪೇನು ಕಡಿಮೆಯೇ? 2016ರ ಫೆಬ್ರವರಿ ನೆನಪಿದೆಯೇ? ಸ್ಮಾರ್ಟ್‌ಫೋನ್ 251 ರೂಪಾಯಿಗೆ. ಫ್ರೀಡಂ 251. ಹಿರಿಯ ಸಂಸದರೊಬ್ಬರ ಸಮ್ಮುಖದಲ್ಲೇ ಬಿಡುಗಡೆ. ಅಂಥ ಫೋನಿನ ಬಿಡಿಭಾಗಗಳಿಗೇ ಸುಮಾರು 2,700 ರೂಪಾಯಿ ಬೀಳುತ್ತದೆ ಎಂದು ಮೊಬೈಲ್ ಉದ್ಯಮದ ಸಂಘ ತಲೆ ಚಚ್ಚಿಕೊಂಡಿತು. ಪತ್ರಕರ್ತರಿಗೆ ಕೊಟ್ಟ ಮಾದರಿ ಫೋನಿನಲ್ಲಿ ಬೇರೆ ಕಂಪನಿಯ ಹೆಸರಿನ ಮೇಲೆ ವೈಟ್ನರ್ ಬಳಿದಿತ್ತು. ಉಗುರಿನಲ್ಲಿ ಕೆರೆದರೆ ಮೂಲ ಹೆಸರು ಕಾಣುತ್ತಿತ್ತು. ನಾವು ಕೆರೆದೆವೇ? ಮುಗಿಬಿದ್ದೆವು. ಜನ ನುಗ್ಗಿದ ರಭಸಕ್ಕೆ ಜಾಲತಾಣವೇ ಕುಸಿಯಿತು. ಮರುವರ್ಷ ಕಂಪನಿ ಸ್ಥಾಪಕನನ್ನು ವಂಚನೆ ಆರೋಪದಲ್ಲಿ ಬಂಧಿಸಿದರು. 2021ರಲ್ಲಿ ಮತ್ತೆ ಬಂಧನ, ಈ ಸಲ ಒಣಹಣ್ಣಿನ ವ್ಯಾಪಾರದ ವಂಚನೆ ಆರೋಪ. ಗೋಡಂಬಿ, ಬಾದಾಮಿ. ಮನುಷ್ಯ ಬೆಳೆಯಬೇಕಲ್ಲ.

ಹತ್ತು ವರ್ಷವಾಯಿತು. 251 ಹೋಗಿ 599 ಆಗಿದೆ. ಅಷ್ಟೇ ಬದಲಾವಣೆ.

ಜಯನಗರದಲ್ಲಿ ನನಗೆ ಪರಿಚಯದ ಒಬ್ಬರು ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿದ್ದಾರೆ. ಜನ ಬರುತ್ತಾರೆ. ಒಂದು ಗಂಟೆ ಕೂತು ಹೆಡ್‌ಫೋನ್ ಕಿವಿಗೆ ಹಾಕಿ ನೋಡುತ್ತಾರೆ, ಬ್ಯಾಟರಿ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ, ಮಾಡೆಲ್ ನಂಬರಿನ ಫೋಟೊ ಹೊಡೆದುಕೊಳ್ಳುತ್ತಾರೆ. ಅಲ್ಲೇ ನಿಂತು ಆನ್‌ಲೈನಿನಲ್ಲಿ ಆರ್ಡರ್ ಹಾಕುತ್ತಾರೆ. ‘ಎಸಿ ಚೆನ್ನಾಗಿದೆ ನಿಮ್ಮಲ್ಲಿ’ ಎಂದು ಹೊರಡುತ್ತಾರೆ. ತಿಂಗಳಾದ ಮೇಲೆ ಕೆಟ್ಟ ಮಾಲು ಹಿಡಿದು ಅದೇ ಅಂಗಡಿಗೆ ಬರುತ್ತಾರೆ. ‘ಸ್ವಲ್ಪ ನೋಡಿ ಯಜಮಾನ್ರೇ.’

‘ಅವತ್ತು ನನ್ನ ಹತ್ರ ತಗೊಂಡಿದ್ರೆ ಇವತ್ತು ನನ್ನ ಕಾಲರ್ ಹಿಡೀಬಹುದಿತ್ತು’ ಎನ್ನುತ್ತಾರೆ ಅವರು. ಕಾಲರ್ ಇರುವ ವ್ಯಾಪಾರಿಗೆ ನಾವು ಕೊಡಲೊಪ್ಪದ ಹೆಚ್ಚಿನ ಬೆಲೆ ಆ ಕಾಲರಿನದ್ದೇ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಸೌಜನ್ಯದಿಂದ ಬರೆದುಕೊಂಡರು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಎದುರಾಳಿಗೆ ನೋಟಿಸ್ ತಲುಪಿ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು 2019ರ ಕಾಯ್ದೆ ಹೇಳುತ್ತದೆ. ನೋಟಿಸ್ ಯಾರಿಗೆ ತಲುಪಬೇಕು ಎಂಬಲ್ಲಿಗೆ ನಾವು ಮತ್ತೆ ಮೊದಲ ಪ್ರಶ್ನೆಗೇ ಬಂದೆವು. 599 ರೂಪಾಯಿಗೆ ಅರ್ಧ ದಿನ ರಜೆ ಹಾಕಿ ಯಾವನೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿದೆ. ಕಬ್ಬಿಣದ ಪಟ್ಟಿ ಇಟ್ಟವರಿಗೆ ನಮ್ಮ ತೂಕ ಗೊತ್ತಿಲ್ಲದೆ ಇರುತ್ತದೆಯೇ?

ಇದನ್ನು ಬರೆದು ಮುಗಿಸುವ ಮೊದಲು ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದೆ. ಸೆಲ್ಲರ್ ಹೆಸರು ಬದಲಾಗಿದೆ. ನನ್ನ ಐದು ಸ್ಟಾರ್ ಹಾಗೆಯೇ ಇದೆ. ಬೆಲೆ 549. ಕೇವಲ 2 ಉಳಿದಿವೆ.